ಉಪ್ಪು ತಿಕ್ಕಿದ ಕೈ

ನೀರು ಅವ್ವನ ಗದ್ದದ ಮೇಲಿಂದ ಹರಿದು ಸೀರೆಯ ಮೇಲೆ ಬಿತ್ತು. ಒಂದು ಗುಟುಕೂ ಒಳಗೆ ಹೋಗಲಿಲ್ಲ. ಬಸ್ಸು ಆಗಷ್ಟೇ ಕಮಲಾಪುರ ಬಿಟ್ಟಿತ್ತು. ನಾನು ನೀರಿನ ಬಾಟಲಿ ಹಿಡಿದುಕೊಂಡು ಅವಳ ಮುಖ ನೋಡುತ್ತ ಕೂತೆ.

“ಬಾಯಿ ತೆರಿ ಯವ್ವಾ,” ಅಂದೆ.

ಅವ್ವ ಸಿಟ್ಟಿನಿಂದ ನೋಡಿದಳು, ತೆರೆದಿದ್ದೇನಲ್ಲ ಅನ್ನುವ ಹಾಗೆ. ಬಗ್ಗಿ ನೋಡಿದೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಒಂದು ಬೆಂಕಿಕಡ್ಡಿ ತೂರುವಷ್ಟು ಸಂದು ಇತ್ತು. ತನ್ನ ಬಾಯಿ ಮುಚ್ಚಿಹೋಗಿದೆ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಗದ್ದದ ಕೆಳಗೆ ಬಾವು ಎಷ್ಟು ಇಳಿದಿತ್ತೆಂದರೆ ಕುತ್ತಿಗೆ ಎಲ್ಲಿಂದ ಶುರುವಾಗುತ್ತದೆ ಅನ್ನುವುದು ತಿಳಿಯುತ್ತಿರಲಿಲ್ಲ.

ಪಕ್ಕದ ಸೀಟಿನಲ್ಲಿ ಕಾಕಿ ಇದ್ದಳು. ಸಂಬಂಧದ ಕಾಕಿ ಅಲ್ಲ, ನಮ್ಮ ಮನೆಯ ಗೋಡೆಗೆ ಹತ್ತಿದ ಮನೆಯವಳು. ಜೊತೆಗೆ ಹೆಂಗಸೊಬ್ಬಳು ಇರಲಿ ಎಂದು ಕರೆದುಕೊಂಡಿದ್ದೆ.

“ಸಣ್ಣಗ ಹಾಕೋ, ನೆತ್ತಿಗೇರ್ತದ,” ಅಂದಳು.

“ಒಳಗೇ ಹೋಗವಲ್ದು, ನೆತ್ತಿಗ್ಯಾಕ ಏರ್ತದ?” ಅಂದೆ.

ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್ ಅವ್ವನನ್ನು ನೋಡಿ ನಿಂತ. “ಏನಾಗ್ಯಾದ್ರಿ ಯಮ್ಮಗ?”

“ಹಲ್ಲ ಬ್ಯಾನಿ ಇತ್ರಿ,” ಕಾಕಿ ಹೇಳಿದಳು. “ಈಗ ಬ್ಯಾನಿ ಹೋಗ್ಯಾದ. ಬಾವು ಅಷ್ಟ ಉಳದದ.”

“ಬ್ಯಾನಿ ಹೋದ ಮ್ಯಾಲ ದವಾಖಾನಿಗಿ ಯಾಕ ಹೊಂಟೀರಿ?”

ಕಾಕಿ ನನ್ನ ಮುಖ ನೋಡಿದಳು. ಬ್ಯಾನಿ ಹೋಗಿತ್ತು ಅನ್ನುವುದು ಖರೆ. ಅವ್ವ ನಾಲ್ಕು ದಿನದಿಂದ ಅದನ್ನೇ ಹೇಳುತ್ತಿದ್ದಳು. ಹಲ್ಲಿನ ವಿಷಯದಲ್ಲಿ ಅವ್ವ ಹೇಳಿದ ಮೇಲೆ ಕಮಲಾಪುರದಲ್ಲಿ ಎರಡನೇ ಮಾತು ಇರಲಿಲ್ಲ.

ಯಾಕೆಂದರೆ ಊರಿನವರ ಹಲ್ಲು ಬೇನೆ ಇಳಿಸುತ್ತಿದ್ದವಳು ಅವಳೇ.

ಇದು ತೊಂಬತ್ತರ ದಶಕದ ಮಾತು. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಬಾಳೆ ತೋಟಗಳಲ್ಲಿ ಗೊನೆ ಹೊರುತ್ತಿದ್ದೆ. ನಮ್ಮಲ್ಲಿಯ ಕೆಂಪು ಬಾಳೆಯ ಗೊನೆ ಹೆಗಲ ಮೇಲೆ ಇಟ್ಟರೆ ಮನುಷ್ಯನನ್ನು ಹೊತ್ತಷ್ಟು ಭಾರ. ಅಪ್ಪ ಬಹಳ ಹಿಂದೆಯೇ ತೀರಿಕೊಂಡಿದ್ದ. ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದಳು, ಮುಂಜಾನೆ ಹೊಲಕ್ಕೆ ಹೋಗುವ ಮುಂಚೆ ಬಾಗಿಲಲ್ಲಿ ಕೂತವರ ಹಲ್ಲು ನೋಡುತ್ತಿದ್ದಳು. ನೋಡುತ್ತಿದ್ದಳು ಅನ್ನುವುದೂ ತಪ್ಪು. ಹಲ್ಲನ್ನು ಅವಳು ನೋಡುತ್ತಲೇ ಇರಲಿಲ್ಲ. ಬಾಯಿ ತೆರೆಯಲು ಹೋದವರಿಗೆ “ಮುಚ್ಚು, ನಾತ ಬರ್ತದ” ಅನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಕೈ.

ಯಾವ ಕಡೆಯ ಹಲ್ಲು ನೋಯುತ್ತದೋ ಆ ಕಡೆಯ ಕೈ ಹಿಡಿಯುತ್ತಿದ್ದಳು. ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ ಮೆತ್ತಗಿನ ಚರ್ಮ ಇದೆಯಲ್ಲ, ಅಲ್ಲಿ ಹರಳುಪ್ಪು ಇಟ್ಟು, ತನ್ನ ಹೆಬ್ಬೆಟ್ಟಿನಿಂದ ತಿಕ್ಕುತ್ತಿದ್ದಳು. ಮೆಲ್ಲಗೆ ಅಲ್ಲ. ಖಾರ ಅರೆದ ಹಾಗೆ. ಚರ್ಮ ಕೆಂಪಾಗುವತನಕ, ಕೈ ಕೊಟ್ಟವನು ಕುಂಡಿ ಎತ್ತಿ ಕುಣಿಯುವತನಕ.

ಒಮ್ಮೆ ಒಬ್ಬ ಲಾರಿ ಡ್ರೈವರ್ ಬಂದಿದ್ದ. ಬಾಗಿಲಷ್ಟು ಎತ್ತರ ಇದ್ದ. ಕಪಾಳಕ್ಕೆ ಟವೆಲ್ ಕಟ್ಟಿಕೊಂಡು ಅಳುತ್ತಿದ್ದ.

“ಇಷ್ಟ ದೊಡ್ಡ ಗಾಡಿ ಹೊಡೀತಿ, ಇಷ್ಟ ಸಣ್ಣ ಹಲ್ಲಿಗಿ ಅಳ್ತಿಯಲ್ಲೋ,” ಅವ್ವ ಉಪ್ಪು ತಿಕ್ಕುತ್ತ ಅಂದಳು.

“ಬಿಡು ಯವ್ವಾ, ಕೈ ಉರೀಲಾಕತ್ತದ.”

“ಹಲ್ಲು?”

“ಕೈ ಬಿಡು ಮದಲ.”

“ಹಲ್ಲು ಹ್ಯಾಂಗದ, ಅದು ಹೇಳು.”

ಡ್ರೈವರ್ ನಾಲಿಗೆಯನ್ನು ಬಾಯೊಳಗೆ ಆ ಕಡೆ ಈ ಕಡೆ ಆಡಿಸಿದ. “ಯಾ ಹಲ್ಲು ಇತ್ತು ಅದು?” ಅಂದ. ಬಾಗಿಲಲ್ಲಿ ಕೂತಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಹೋಗುವಾಗ ಲಾರಿಯಿಂದ ಬಾಳೆಹಣ್ಣಿನ ಒಂದು ಚಿಪ್ಪು ತಂದಿಟ್ಟು ಹೋದ. ಅವ್ವ ಅದನ್ನು ಅಲ್ಲೇ ಇದ್ದವರಿಗೆ ಹಂಚಿಬಿಟ್ಟಳು. ಇದಕ್ಕೆ ಏನೂ ಮುಟ್ಟಬಾರದು ಅನ್ನುವುದು ಅವಳ ಅವ್ವ ಹೇಳಿಕೊಟ್ಟದ್ದು. ಮುಟ್ಟಿದರೆ ಕೈಗುಣ ಹೋಗುತ್ತದಂತೆ.

ಇದರಲ್ಲಿ ಮಂತ್ರ ಇರಲಿಲ್ಲ, ತಾಯತ ಇರಲಿಲ್ಲ. ಉಪ್ಪು ಮತ್ತು ಹೆಬ್ಬೆಟ್ಟು. ನನ್ನ ಕಣ್ಣ ಮುಂದೆ ಎಷ್ಟೋ ಜನ ಅಳುತ್ತ ಬಂದು ನಗುತ್ತ ಹೋದರು. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಒಳ್ಳೆಯದಿತ್ತು. ಸುಳ್ಳಾಗಿದ್ದರೆ ಯಾರೂ ನಂಬುತ್ತಿರಲಿಲ್ಲ, ಅವಳೂ ನಂಬುತ್ತಿರಲಿಲ್ಲ.

ಆ ವರ್ಷ ತೊಗರಿ ಕೊಯ್ಲಿನ ಹೊತ್ತಿಗೆ ಅವ್ವನಿಗೇ ಹಲ್ಲು ಹಿಡಿಯಿತು. ಎಡಗಡೆ, ಕೆಳಗೆ, ಕಟ್ಟಕಡೆಯದು. ನಮ್ಮ ಕಡೆಯ ಹೆಂಗಸರು ತಂಬಾಕು ಸುಟ್ಟು ಪುಡಿ ಮಾಡಿ ಹಲ್ಲಿಗೆ ತಿಕ್ಕುತ್ತಾರೆ, ಮಿಸರಿ ಅನ್ನುತ್ತೇವೆ. ಅವ್ವನ ಹಲ್ಲೆಲ್ಲ ಅದರಿಂದ ಕರ್ರಗೆ. ಯಾವುದು ಹುಳುಕು, ಯಾವುದು ಮಿಸರಿ, ಯಾರಿಗೂ ತಿಳಿಯುವಂತಿರಲಿಲ್ಲ. ನೋಯುತ್ತದೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಒಂದೇ ಕಡೆ ಅಗಿಯುವುದನ್ನು ನೋಡಿ ನಾನೇ ಕೇಳಿದೆ.

“ಹಲ್ಲ ನೋಯ್ಲಾಕತ್ತದೇನು?”

“ನಂದು ನಾ ನೋಡ್ಕೋತೀನಿ. ನೀ ಗೊನಿ ನೋಡ್ಕೋ ಹೋಗು.”

“ಕಲಬುರ್ಗಿಗಿ ಹೋಗಿ ತೋರಿಸ್ಕೊಂಡು ಬರಮು.”

“ಹೌದು. ನಾ ಹೋಗಿ ಡಾಕ್ಟರ್ ಮುಂದ ಬಾಯಿ ತೆರದು ಕುಂದ್ರತೀನಿ, ನೀ ಬಂದು ಊರಾಗ ಡಂಗುರ ಹೊಡಿ.”

ಆಮೇಲೆ ನಾನು ಕೇಳಲಿಲ್ಲ. ಒಂದು ಮುಂಜಾನೆ ಅವಳು ಒಣಗಿ ಗಟ್ಟಿಯಾದ ಕಟಕ ರೊಟ್ಟಿ ತೆಗೆದುಕೊಂಡು ಅಂಗಳದಲ್ಲಿ ಕೂತು, ಶೇಂಗಾ ಹಿಂಡಿ ಹಚ್ಚಿಕೊಂಡು, ಓಣಿಗೆಲ್ಲ ಕೇಳುವ ಹಾಗೆ ಕಟಕಟ ತಿಂದಳು. ಕಾಕಿ ಗೋಡೆಯ ಮೇಲಿಂದ ಇಣುಕಿದಳು.

“ಹೋಯ್ತೇನವ್ವಾ?”

“ಬುಡಸಮೇತ ಹೋಯ್ತು. ಬಿಸಿ ಚಾ ಕುಡದರೂ ಇಲ್ಲ, ತಣ್ಣೀರ ಕುಡದರೂ ಇಲ್ಲ.”

“ನಿನ್ನ ಕೈಯಾಗ ಗುಣ ಅದ ತಗೋ,” ಅಂದಳು ಕಾಕಿ. “ನಿನಗ ನೀನೇ ಡಾಕ್ಟರ್.”

ಅವ್ವ ಬಲು ಖುಷಿಯಲ್ಲಿದ್ದಳು. ನಾನೂ ಖುಷಿಪಟ್ಟೆ. ಎರಡು ದಿನ ಬಿಟ್ಟು ಗದ್ದದ ಕೆಳಗೆ ಬಾವು ಬಂತು. ಆಗಲೂ ಯಾರೂ ಹೆದರಲಿಲ್ಲ. ನಮ್ಮಲ್ಲಿ ಬೇನೆ ಇಳಿದ ಮೇಲೆ ಬಾವು ಬಂದರೆ ಒಳ್ಳೆಯದು ಅನ್ನುತ್ತಾರೆ. “ಕೆಟ್ಟ ನೀರು ಹೊರಗ ಬರ್ಲಾಕತ್ತದ,” ಅಂದಳು ಅವ್ವ. ಕಾಕಿ ಹೌದೆಂದಳು. ನಾನು ಸುಣ್ಣ ಅರಿಶಿನ ಕಲೆಸಿ ಕೊಟ್ಟೆ. ಹಚ್ಚಿಕೊಂಡು ಹೊಲಕ್ಕೆ ಹೋದಳು.

ಅದೇ ವಾರ ನನಗೂ ಹಲ್ಲು ಹಿಡಿದಿತ್ತು. ಬಲಗಡೆ, ಮೇಲೆ. ನನ್ನದು ಸುಮ್ಮನಿರುವ ಬೇನೆ ಅಲ್ಲ. ಕಿವಿಯೊಳಗೆ ಹೋಗಿ ಹಣೆಯವರೆಗೆ ಸಿಡಿಯುತ್ತಿತ್ತು. ಗೊನೆ ಹೆಗಲಿಗೆ ಏರಿಸುವಾಗ ಇರುತ್ತಿರಲಿಲ್ಲ, ಇಳಿಸಿ ನೆರಳಿಗೆ ಕೂತ ಕೂಡಲೇ ಮತ್ತೆ ಶುರು. ಹೀಗೇಕೆ ಎಂದು ನಾನು ಯೋಚನೆ ಮಾಡಿರಲಿಲ್ಲ.

ಬಸ್ಸು ಹತ್ತಿದ ದಿನದ ಮುಂಜಾನೆ ನಾನು ಕಪಾಳ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತಿದ್ದೆ. ಅವ್ವ ಉಪ್ಪಿನ ಡಬ್ಬಿ ತಂದಳು. ಮಾತಾಡದೆ ನನ್ನ ಬಲಗೈ ಎಳೆದುಕೊಂಡು ತಿಕ್ಕಲು ಶುರು ಮಾಡಿದಳು. ಮಾತಾಡದೆ ತಿಕ್ಕುವವಳಲ್ಲ ಅವಳು. ಬೈಯದೆ ಒಬ್ಬರ ಕೈಯನ್ನೂ ಬಿಟ್ಟವಳಲ್ಲ. ನನ್ನ ಕೈ ಮೇಲೆ ಏನೋ ಬೆಚ್ಚಗೆ ಬಿತ್ತು. ನೋಡಿದರೆ ಜೊಲ್ಲು. ಅವ್ವನ ತುಟಿಯಿಂದ ಎಳೆ ಎಳೆಯಾಗಿ ಇಳಿಯುತ್ತಿತ್ತು. ಅದು ಅವಳಿಗೆ ಗೊತ್ತೇ ಇರಲಿಲ್ಲ.

“ಯವ್ವಾ, ಜೊಲ್ಲು ನುಂಗು,” ಅಂದೆ.

ಏನೋ ಹೇಳಿದಳು. ಬಿಸಿ ಗೆಣಸು ಬಾಯಿಯಲ್ಲಿ ಇಟ್ಟುಕೊಂಡು ಮಾತಾಡಿದ ಹಾಗಿತ್ತು. ನನಗೆ ಒಂದಕ್ಷರ ತಿಳಿಯಲಿಲ್ಲ. ಮತ್ತೆ ಹೇಳಿದಳು. ಆಗಲೂ ತಿಳಿಯಲಿಲ್ಲ. ನನ್ನ ಅವ್ವನ ಮಾತು ನನಗೆ ತಿಳಿಯದೆ ಹೋದದ್ದು ಅದೇ ಮೊದಲು. ಕೈ ಬಿಡಿಸಿಕೊಂಡು ಎದ್ದೆ. ಕಾಕಿಯನ್ನು ಕೂಗಿದೆ.

ಕಲಬುರಗಿಯ ದಾರಿಯಲ್ಲಿ ಮಹಾಗಾಂವ ಬಂದು ಬಸ್ಸು ನಿಂತಾಗ ಅವ್ವ ಕಿಟಕಿಯ ಸರಳು ಹಿಡಿದು ಮುಂದಕ್ಕೆ ಬಾಗಿ ಕೂತಿದ್ದಳು. ಹಿಂದಕ್ಕೆ ಒರಗಿಸಿದರೆ ಒದ್ದಾಡುತ್ತಿದ್ದಳು. ಬಾಗಿದರೆ ಮಾತ್ರ ಉಸಿರು ಬರುತ್ತಿತ್ತು. ಬರುವಾಗ ಸೀಟಿಯ ಹಾಗೆ ಸಪ್ಪಳ. ಜನ ಹತ್ತಿದರು, ಜೋಳದ ಚೀಲ ಹತ್ತಿದವು, ಬಸ್ಸಿನಲ್ಲಿ ಅಷ್ಟು ಗದ್ದಲ ಇದ್ದರೂ ನನಗೆ ಆ ಸೀಟಿ ಒಂದೇ ಕೇಳುತ್ತಿತ್ತು. ಕಾಕಿ ಮಾತು ನಿಲ್ಲಿಸಿದ್ದಳು. ಕಾಕಿ ಮಾತು ನಿಲ್ಲಿಸಿದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಕಲಬುರಗಿಯಲ್ಲಿ ಇಳಿದು ಆಟೋದವನಿಗೆ ಹಲ್ಲಿನ ದವಾಖಾನೆ ಅಂದೆ. ಜೇವರ್ಗಿ ಕಾಲೋನಿಗೆ ಕರೆದುಕೊಂಡು ಹೋದ. ಕೆಳಗೆ ಟ್ಯೂಷನ್, ಮೇಲೆ ದವಾಖಾನೆ. ಮಕ್ಕಳು ಮಗ್ಗಿ ಹೇಳುತ್ತಿದ್ದರು. ಅವ್ವನನ್ನು ಮೆಟ್ಟಿಲ ಮೇಲೆ ನಾನು ಗೊನೆ ಹೊತ್ತ ಹಾಗೇ ಹೊತ್ತುಕೊಂಡು ಹೋದೆ. ಬಾಳೆಗಿಂತ ಹಗುರ ಇದ್ದಳು.

ಡಾಕ್ಟರ್ ಐವತ್ತರ ಆಸುಪಾಸಿನವರು, ಕನ್ನಡಕ ಹಣೆಗೆ ಏರಿಸಿಕೊಂಡಿದ್ದರು. ಬೇರೆ ಯಾರದೋ ಹಲ್ಲು ಕೊರೆಯುತ್ತಿದ್ದವರು ಅವ್ವನ ಉಸಿರಿನ ಸಪ್ಪಳ ಕೇಳಿ ತಿರುಗಿದರು. ಮಷಿನ್ ಬಿಟ್ಟು ಎದ್ದು ಬಂದರು.

“ಎಷ್ಟ ದಿನ ಆಯ್ತು?”

“ಬಾವು ಬಂದು ಎರಡ ದಿನ್ರಿ.”

“ಬ್ಯಾನಿ?”

ಕಾಕಿ ಮುಂದೆ ಬಂದಳು. “ಬ್ಯಾನಿ ಇಲ್ರಿ ಸಾಹೇಬ್ರ. ಅದು ಹೋಗಿ ನಾಕ ದಿನ ಆಯ್ತು. ಆಕಿನೇ ಇಳಿಸ್ಕೊಂಡಾಳ.”

ಡಾಕ್ಟರ್ ಅವ್ವನನ್ನೇ ಕೇಳಿದರು. “ಯಮ್ಮಾ, ಬ್ಯಾನಿ ಅದ ಏನು?”

ಅವ್ವ ಇಲ್ಲ ಎಂದು ತಲೆ ಆಡಿಸಿದಳು. ಅಂಥಾ ಹೊತ್ತಿನಲ್ಲೂ ಸ್ವಲ್ಪ ಜಂಬದಿಂದ ಆಡಿಸಿದಳು.

“ಇದಕ್ಕೇ ನನಗ ಹೆದ್ರಿಕಿ ಆಗ್ತದ ನೋಡು,” ಅಂದರು ಡಾಕ್ಟರ್ ನನಗೆ. ನಾಡಿ ನೋಡಲು ಅವ್ವನ ಎಡಗೈ ಹಿಡಿದರು. ಅವ್ವ ಎಳೆದುಕೊಂಡಳು. ಸೆರಗಿನೊಳಗೆ ಮುಚ್ಚಿದಳು. ಅವರು ಬಿಡಲಿಲ್ಲ. ಸೆರಗು ಸರಿಸಿದರು.

ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ ಚರ್ಮವೇ ಇರಲಿಲ್ಲ.

ಕೆಂಪು ಮಾಂಸ ಕಾಣುತ್ತಿತ್ತು. ಅಂಚಿನಲ್ಲಿ ಉಪ್ಪು ಬೆಳ್ಳಗೆ ಒಣಗಿ ಕೂತಿತ್ತು. ಒಂದು ದಿನದ ಗಾಯ ಅಲ್ಲ ಅದು. ಒಣಗಿದ್ದರ ಮೇಲೆ ತಿಕ್ಕಿ, ಹರಿದು, ಮತ್ತೆ ತಿಕ್ಕಿದ್ದು. ಒಂದೇ ಮನೆಯಲ್ಲಿ ಇದ್ದವನು ನಾನು. ಅವಳ ಕೈಯಿಂದ ರೊಟ್ಟಿ ತಿಂದವನು. ಎಡಗೈ ಮಾತ್ರ ಸೆರಗಿನಲ್ಲಿ ಇರುತ್ತಿತ್ತು ಅನ್ನುವುದು ಆಗ ನೆನಪಿಗೆ ಬಂತು. ಗೋಡೆ ಹಿಡಿದುಕೊಂಡೆ.

“ಇದೇನು, ಸುಟ್ಕೊಂಡಾಳೇನು?”

“ಅದ ಔಷಧ್ರಿ,” ಅಂದಳು ಕಾಕಿ. ಈ ಸಲ ಅವಳ ದನಿ ಸಣ್ಣಗಿತ್ತು.

ಡಾಕ್ಟರ್ ಕನ್ನಡಕ ಇಳಿಸಿಕೊಂಡು ಅವ್ವನ ಹಲ್ಲಿನ ಸಂದಿನೊಳಗೆ ಇಣುಕಿದರು. “ಇಲ್ಲಿ ಕುಂದ್ರಸೋದು ಬ್ಯಾಡ. ಕೀವು ಕುತ್ತಿಗ್ಯಾಗ ಇಳದದ, ನಾಲಿಗಿ ಮ್ಯಾಲ ಎದ್ದದ. ಇನ್ನೊಂದೀಟು ಬಾತರ ಉಸಿರ ನಿಂದರ್ತದ. ಓಡು, ಆಟೋ ನಿಂದ್ರಸು. ನಾನೂ ಬರ್ತೀನಿ.” ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ್ದವನಿಗೆ “ನೀ ಹಂಗೇ ಇರು, ಮುಚ್ಚಬ್ಯಾಡ” ಎಂದು ಹೇಳಿ ನಮ್ಮ ಜೊತೆ ಇಳಿದರು.

ದೊಡ್ಡ ದವಾಖಾನೆಯಲ್ಲಿ ಅವ್ವನನ್ನು ಒಳಗೆ ಒಯ್ದರು. ಬಾಗಿಲು ಹಾಕಿಕೊಂಡರು. ಹಲ್ಲಿನ ಡಾಕ್ಟರ್ ಕೂಡ ಒಳಗೆ ಹೋದರು. ನಾನೂ ಕಾಕಿಯೂ ಹೊರಗೆ ನೆಲದ ಮೇಲೆ ಕೂತೆವು.

“ನಾ ಹೇಳಿದ್ದೆ ಆಕಿಗಿ,” ಅಂದಳು ಕಾಕಿ.

“ಏನ್ ಹೇಳಿದ್ದಿ?”

“ಗುಣ ಅದ ಅಂತ ಹೇಳಿದ್ದೆ,” ಅಂದಳು. ಸೆರಗು ಬಾಯಿಗೆ ಇಟ್ಟುಕೊಂಡಳು.

ಒಳಗಿನಿಂದ ಒಂದು ಕೂಗು ಬಂತು. ಅವ್ವನದು. ಹಲ್ಲಿಗಾಗಲಿ, ಬಾವಿಗಾಗಲಿ, ಚರ್ಮ ಹೋದ ಕೈಗಾಗಲಿ ಕೂಗದವಳು ಕೂಗಿದಳು. ನಾನು ಎದ್ದು ಬಾಗಿಲು ಬಡಿದೆ. ಯಾರೂ ತೆಗೆಯಲಿಲ್ಲ. ಆಮೇಲೆ ಸಪ್ಪಳ ಇಲ್ಲ. ಆ ಸಪ್ಪಳವಿಲ್ಲದ ಹೊತ್ತು ಎಷ್ಟಿತ್ತೋ ನನಗೆ ಗೊತ್ತಿಲ್ಲ. ಸತ್ತಳು ಎಂದೇ ತಿಳಿದೆ. ಊರಿಗೆ ಹೆಣ ಒಯ್ಯುವುದು ಹೇಗೆ ಅನ್ನುವುದರವರೆಗೆ ನನ್ನ ತಲೆ ಹೋಗಿತ್ತು.

ಹಲ್ಲಿನ ಡಾಕ್ಟರ್ ಹೊರಗೆ ಬಂದು ಕನ್ನಡಕ ಒರೆಸಿಕೊಂಡರು. ಅಂಗಿಯ ಮೇಲೆ ಕಲೆ ಇತ್ತು, ನಾತ ಹೊಡೆಯುತ್ತಿತ್ತು. “ಉಸಿರ ಆಡ್ಲಾಕತ್ತಾಳ,” ಅಂದರು. “ಗದ್ದದ ಕೆಳಗ ಕೊಯ್ದು ಕೀವು ತೆಗದಾರ. ಒಂದ್ ಸಣ್ಣ ರಬ್ಬರ್ ನಳಿಗಿ ಇಟ್ಟಾರ. ಹಲ್ಲ ತೆಗದೀವಿ. ನಾಳಿ ಬಂದಿದ್ರ ನಾ ಏನೂ ಮಾಡಂಗಿರಲಿಲ್ಲ.”

ನಾಳೆ ಹೋಗೋಣ ಎಂದು ಕಾಕಿ ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದಳು. ಅವತ್ತು ಕಮಲಾಪುರದ ಸಂತೆ, ಬಸ್ಸಿನಲ್ಲಿ ಗದ್ದಲ ಎಂದು. ಅವಳೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಾನು ಡಾಕ್ಟರಿಗೆ ಕೇಳಿದೆ. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಅನ್ನುವುದು ಗೊತ್ತಿರಲಿಲ್ಲ. “ಸಾಹೇಬ್ರ, ಉಪ್ಪು ತಿಕ್ಕಿದ್ರ ಬ್ಯಾನಿ ಹೋಗ್ತದ್ರಿ. ನಾ ಕಣ್ಣಾರ ನೋಡೀನಿ. ಅದು ಸುಳ್ಳೇನು ಹಂಗಾದ್ರ?”

“ಯಾರ್ ಹೇಳ್ಯಾರ ಸುಳ್ಳಂತ?” ಅಂದರು. ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತರು. “ನೀವು ಇವತ್ತ ಬಸ್ಸಿನ್ಯಾಗ ಬಂದೀರಲ್ಲ. ಬಸ್ಸಿಗಿ ಬಾಗಲ ಎಷ್ಟ?”

“ಒಂದ್ರಿ.”

“ಎಲ್ಲಾರೂ ಒಮ್ಮೆಗೇ ನುಗ್ತಾರ. ಜೋರ ಇದ್ದಾವ ಒಳಗ ಹೋಗ್ತಾನ, ಹಿಂದಿನಾವ ಹೊರಗ ಉಳೀತಾನ. ಹೌದಿಲ್ಲೋ? ಬ್ಯಾನಿ ಸುದ್ದಿ ತಲಿಗಿ ಹೋಗೂ ದಾರ್ಯಾಗೂ ಅಂಥ ಬಾಗಲ ಅದಾವ. ಕೈ ಉರಿ ನುಗ್ಗಿದ್ರ ಹಲ್ಲಿನ ಸುದ್ದಿ ಬಾಗಲದಾಗೇ ನಿಂದರ್ತದ. ಪೆಟ್ಟ ಹತ್ತಿದ ಕೂಡಲೇ ಕೈಲಿ ತಿಕ್ಕೋತೀಯಲ್ಲ ನೀ, ಅದೂ ಇದ. ಮತ್ತ ನಮ್ಮ ತಲಿನೇ ಒಳಗ ಅಫೀಮಿನಂಥದು ಒಂದ್ ತಯಾರ ಮಾಡ್ತದ. ಹೆದ್ರಿಕಿ ಆದಾಗ, ಜೀವಕ್ಕ ಬಂದಾಗ ಬಿಡ್ತದ. ಬ್ಯಾನಿ ಮಲಗ್ತದ.”

“ಹಂಗಾದ್ರ ನಮ್ಮವ್ವಂದು?”

“ಅಕಿ ಮದಲ ತಿಕ್ಕಿ ತಿಕ್ಕಿ ಬಾಗಲ ಹಾಕ್ಯಾಳ. ಬಾಗಲ ಹಾಕಿದ್ರ ಮನಿಗಿ ಹತ್ತಿದ ಬೆಂಕಿ ಆರ್ತದೇನು? ಒಳಗ ಹುಳುಕು ಬೇರಿಗಿ ಇಳದದ. ಹಲ್ಲಿನ್ಯಾಗಿನ ನರ ಸತ್ತದ. ಅದು ಸತ್ತ ಮ್ಯಾಲ ಸುದ್ದಿ ಹೇಳಾವ್ರೇ ಇಲ್ಲ. ಅಕಿ ಆರಾಮಾಯ್ತಂತ ತಿಳದಾಳ. ಕಟಕ ರೊಟ್ಟಿ ತಿಂದಿರಬೇಕು.”

ರೊಟ್ಟಿಯ ಸುದ್ದಿ ನಾವು ಯಾರೂ ಅವರಿಗೆ ಹೇಳಿರಲಿಲ್ಲ.

“ಎಲ್ಲಾರೂ ತಿಂತಾರಪ್ಪಾ,” ಅಂದರು. “ಹಲ್ಲ ಗಟ್ಟಿ ಆಗ್ಯಾದೇನಂತ ನೋಡ್ಲಿಕ್ಕ.”

ಅವರು ಹೋದ ಮೇಲೆ ಒಳಗೆ ಬಿಟ್ಟರು. ಅವ್ವ ಮಂಚದ ಮೇಲೆ ಮಲಗಿದ್ದಳು. ಗದ್ದದ ಕೆಳಗೆ ಬಟ್ಟೆ ಸುತ್ತಿದ್ದರು, ಎಡಗೈಗೂ ಸುತ್ತಿದ್ದರು. ಸೀಟಿಯ ಸಪ್ಪಳ ಇರಲಿಲ್ಲ. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತು ಅದನ್ನೇ ನೋಡಿದೆ. ಏರಿತು, ಇಳಿಯಿತು. ಬದುಕಿದ್ದಾಳೆ. ಇನ್ನು ಸಾಯುವುದಿಲ್ಲ. ಹಾಗೆ ಅಂದುಕೊಂಡೆನೋ ಇಲ್ಲವೋ, ನನ್ನ ಬಲಗಡೆಯ ಮೇಲಿನ ಹಲ್ಲಿನಲ್ಲಿ ಯಾರೋ ಕಾದ ಕಬ್ಬಿಣ ಇಟ್ಟರು.

ಕಪಾಳ ಹಿಡಿದುಕೊಂಡು ನೆಲಕ್ಕೆ ಕುಸಿದೆ. ಕಾಕಿ ಓಡಿ ಬಂದಳು.

“ಏನಾಯ್ತೋ?”

“ಹಲ್ಲು,” ಅಂದೆ.

“ಯಾರ್ದು?”

“ನಂದು.”

ಮುಂಜಾನೆ ಅವ್ವನ ಜೊಲ್ಲು ನನ್ನ ಕೈ ಮೇಲೆ ಬಿದ್ದಾಗಿನಿಂದ ಆ ಹೊತ್ತಿನವರೆಗೆ ನನಗೆ ಹಲ್ಲು ಇದೆ ಅನ್ನುವುದೇ ನೆನಪಿರಲಿಲ್ಲ. ಬಸ್ಸಿನಲ್ಲಿ ಇರಲಿಲ್ಲ, ಮೆಟ್ಟಿಲಲ್ಲಿ ಇರಲಿಲ್ಲ, ಬಾಗಿಲ ಹೊರಗೆ ಇರಲಿಲ್ಲ. ಎಲ್ಲಿಗೂ ಹೋಗಿರಲಿಲ್ಲ ಅದು. ಅಲ್ಲೇ ಕೂತು ನನ್ನನ್ನು ತಿನ್ನುತ್ತಿತ್ತು. ನನಗೇ ಹೇಳಿರಲಿಲ್ಲ ಅಷ್ಟೇ. ಡಾಕ್ಟರ್ ಹೇಳಿದ್ದನ್ನು ಅವರು ಹೇಳುವಾಗ ಬರೀ ಕೇಳಿದ್ದೆ, ಹಲ್ಲು ಸಿಡಿದಾಗ ತಿಳಿಯಿತು. ಬೇನೆಗಿಂತ ಆ ತಿಳಿದದ್ದೇ ನನ್ನನ್ನು ಹೆಚ್ಚು ಹೆದರಿಸಿತು. ನನ್ನ ಮೈ ನನಗೇ ಹೇಳದೆ ನನ್ನಿಂದ ಮುಚ್ಚಿಡುತ್ತದೆ ಎಂದರೆ ಇನ್ನು ಯಾರನ್ನು ನಂಬುವುದು?

ಎಡಗೈ ತಾನಾಗಿಯೇ ಬಲಗೈಯ ಹೆಬ್ಬೆಟ್ಟಿನ ಹತ್ತಿರ ಹೋಯಿತು, ತಿಕ್ಕಲು. ಅವ್ವನ ಕೈಗೆ ಸುತ್ತಿದ ಬಟ್ಟೆ ನೋಡಿದೆ. ತಿಕ್ಕಲಿಲ್ಲ.

ಮರುದಿನ ಜೇವರ್ಗಿ ಕಾಲೋನಿಗೆ ಹೋದೆ. ಕುರ್ಚಿಯ ಮೇಲೆ ಮಲಗಿದೆ. ಡಾಕ್ಟರ್ ಇಕ್ಕಳ ಕೈಗೆ ತೆಗೆದುಕೊಂಡದ್ದು ಕಂಡಿತು. ಕಂಡ ಕೂಡಲೇ ಬೇನೆ ಮಾಯ. ಒಂದು ಎಳೆಯೂ ಇಲ್ಲ. ನಾನು ಎದ್ದು ಕೂತೆ.

“ಏನಾಯ್ತು?”

“ಹೋಯ್ತ್ರಿ ಬ್ಯಾನಿ.”

“ಗೊತ್ತದ. ಈ ಕುರ್ಚಿ ಮ್ಯಾಲ ಎಲ್ಲಾರ್ದೂ ಹೋಗ್ತದ. ಮಲಗು.”

ಮಲಗಿದೆ. ಕಿತ್ತರು. ಬೇರಿನ ತುದಿಯಲ್ಲಿ ಅವರೆಕಾಳಿನಷ್ಟು ಕೀವಿನ ಚೀಲ ನೇತಾಡುತ್ತಿತ್ತು. ತೋರಿಸಿದರು.

ಅವ್ವನ ನಳಿಗೆ ತೆಗೆದ ಮೇಲೆ ಅವಳಿಗೆ ಮಾತು ಬಂತು. ಮೊದಲ ಮಾತು “ಹಲ್ಲೆಲ್ಲಿ?” ಎಂದು. ಡಾಕ್ಟರ್ ಕಾಗದದಲ್ಲಿ ಕಟ್ಟಿಕೊಟ್ಟಿದ್ದರು, ಬಿಚ್ಚಿ ತೋರಿಸಿದೆ. ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

“ಇಷ್ಟ ಸಣ್ಣದಾ?” ಅಂದಳು.

ಆಮೇಲೆ ಸುತ್ತಿದ ಕೈ ನೋಡಿಕೊಂಡಳು. ನನಗೆ ಕೇಳಬೇಕಿತ್ತು, ಯಾಕೆ ಹೇಳಲಿಲ್ಲ ಎಂದು. ಕೇಳುವ ಮುಂಚೆ ಅವಳೇ ಹೇಳಿದಳು. “ತಿಕ್ಕಿದ್ರ ಇಳೀತಿತ್ತೋ. ಖರೇನೇ ಇಳೀತಿತ್ತು. ನಾ ಯಾರಿಗೂ ಸುಳ್ಳ ಹೇಳಿಲ್ಲ.” ಕಣ್ಣಲ್ಲಿ ನೀರಿತ್ತು. “ಆ ಡ್ರೈವರ್ ಎಲ್ಲಿ ಅದಾನ ಗೊತ್ತದ ಏನು ನಿನಗ?”

ನನಗೆ ಗೊತ್ತಿರಲಿಲ್ಲ. ಬಂದವರು ಎಷ್ಟು ಜನ, ನಗುತ್ತ ಹೋದವರು ಆಮೇಲೆ ಏನಾದರು, ಯಾರಿಗೂ ಗೊತ್ತಿರಲಿಲ್ಲ. ಬೇನೆ ಹೋದ ಮೇಲೆ ಯಾರೂ ತಿರುಗಿ ಬಂದು ಹೇಳುವುದಿಲ್ಲ. ಬಾರದವರೆಲ್ಲ ಆರಾಮಾಗಿದ್ದಾರೆ ಎಂದು ನಾವು ತಿಳಿದಿದ್ದೆವು. ಅವ್ವ ಆ ದಿನ ಒಬ್ಬೊಬ್ಬರನ್ನೇ ನೆನೆಸಿಕೊಂಡು ಕೇಳಿದಳು. ಜೋಳದ ಹೊಲದ ಮುದುಕ ಎಲ್ಲಿ, ಬಳೆ ಮಾರುವವಳು ಎಲ್ಲಿ ಎಂದು. ಬಳೆ ಮಾರುವವಳನ್ನು ಹಿಂದಿನ ವಾರವೇ ಸಂತೆಯಲ್ಲಿ ಕಂಡಿದ್ದೆ ಅಂದೆ. ಉಳಿದವರು ನನಗೂ ಕಂಡಿರಲಿಲ್ಲ.

ಊರಿಗೆ ಬಂದ ಮೇಲೆ ಅವ್ವ ಇನ್ನು ಉಪ್ಪಿನ ಡಬ್ಬಿ ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಗದ್ದದ ಕೆಳಗಿನ ಗಾಯ ಮಾಯುವ ಮುಂಚೆಯೇ ಬಾಗಿಲಿಗೆ ಒಬ್ಬಳು ಬಂದು ಕೂತಳು. ಮಹಾಗಾಂವದವಳು, ಚಿಕ್ಕ ವಯಸ್ಸಿನವಳು, ಕಪಾಳ ಹಿಡಿದುಕೊಂಡು ಅಳುತ್ತಿದ್ದಳು. ಅವ್ವ ಅವಳನ್ನು ಬಹಳ ಹೊತ್ತು ನೋಡಿದಳು. ಒಳಗೆ ಹೋಗಿ ಉಪ್ಪು ತಂದಳು. ನಾನು ಅಡ್ಡ ನಿಂತೆ.

“ಯವ್ವಾ, ಬ್ಯಾಡ.”

“ಸರಿ ಅತ್ಲಾಗ.”

ಕೈ ಹಿಡಿದು ತಿಕ್ಕಿದಳು. ಮೊದಲಿನಷ್ಟೇ ಗಟ್ಟಿಯಾಗಿ. ಬೈಯಲಿಲ್ಲ. ಆ ಹೆಣ್ಣುಮಗಳು ಕುಣಿದಳು, ಕೂಗಿದಳು, ಆಮೇಲೆ ಅಳು ನಿಲ್ಲಿಸಿದಳು. “ಹೋಯ್ತಬೇ,” ಅಂದಳು. ನಗುತ್ತ ಎದ್ದಳು, ಹೋಗಲು.

ಅವ್ವ ಅವಳ ಕೈ ಬಿಡಲಿಲ್ಲ. “ಹೋಗಿಲ್ಲ ಅದು,” ಅಂದಳು. ಚಪ್ಪಲಿ ಮೆಟ್ಟಿಕೊಂಡು, ಅವಳನ್ನು ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ನಾನು ಹಿಂದೆ ಹೋದೆ. ಕಲಬುರಗಿ ಬಸ್ಸಿನೊಳಗೆ ಅವಳನ್ನು ಹತ್ತಿಸಿದಳು. ಕಂಡಕ್ಟರ್ ಅವನೇ, ಅವತ್ತಿನವನು. ಅವ್ವನ ಗದ್ದದ ಕೆಳಗಿನ ಗಾಯವನ್ನು ನೋಡುತ್ತ ನಿಂತಿದ್ದ.

“ನೋಡಪ್ಪಾ,” ಅವ್ವ ಹೇಳಿದಳು, “ಇಕಿ ಕಲಬುರ್ಗಿ ಹಲ್ಲಿನ ದವಾಖಾನಿಗಿ ಹೊಂಟಾಳ. ದಾರ್ಯಾಗ ಬ್ಯಾನಿ ಇಲ್ಲ, ನಮ್ಮೂರು ಬಂತು, ಮಹಾಗಾಂವದಾಗ ಇಳೀತೀನಂದ್ರ ಇಳಿಸಬ್ಯಾಡ.”

“ಅತ್ತರ?”

“ಅತ್ತರೂ ಇಳಿಸಬ್ಯಾಡ. ನಕ್ಕರಂತೂ ಇಳಿಸಲೇ ಬ್ಯಾಡ.”

ಬಸ್ಸು ಹೋಯಿತು. ಅವ್ವ ಅದು ಮರೆಯಾಗುವತನಕ ನಿಂತಳು. ಆ ಹೆಣ್ಣುಮಗಳು ಕಲಬುರಗಿ ಮುಟ್ಟಿದಳೋ ಮಹಾಗಾಂವದಲ್ಲೇ ಇಳಿದಳೋ ನನಗೆ ತಿಳಿದಿಲ್ಲ. ತಿಳಿದದ್ದು ಇಷ್ಟು. ಇದರ ಮುಂದೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.